ಉಪ್ಪುನೀರಿನಲ್ಲಿ ತೇಲಿದ ಗುಳಿಗೆ

ಅಮೆರಿಕದ ಯಾವುದೋ ಊರಿನ ಡಾಕ್ಟರೊಬ್ಬರು ನನ್ನ ಕಿವಿಯಲ್ಲಿ ಮುದುಕಿಯೊಬ್ಬಳ ಮೊಣಕಾಲು ನೋವಿನ ವಿವರ ಹೇಳುತ್ತಿದ್ದರು. ನಡುವೆ ‘ಕುರುಂ’ ಎಂದು ಏನನ್ನೋ ಕಡಿದ ಸದ್ದು ಬಂತು. ಡಾಕ್ಟರು ತಿನ್ನುತ್ತ ಮಾತಾಡುತ್ತಿದ್ದಾರೆ ಅಂದುಕೊಂಡೆ. ನಮ್ಮ ಕೆಲಸದಲ್ಲಿ ಅದು ಹೊಸದೇನಲ್ಲ. ಕೆಲವರು ಬ್ರೆಡ್ಡು ಅಗಿಯುತ್ತ ಹೇಳುವವರು, ಕೆಲವರು ಕಾರು ಓಡಿಸುತ್ತ. ಒಬ್ಬರ ಮಾತಿನ ಹಿಂದೆ ಯಾವಾಗಲೂ ಗಿಳಿಯೋ ಏನೋ ಒಂದು ಕಿರುಚುತ್ತಿರುತ್ತಿತ್ತು.

ಆ ಸದ್ದಿನಲ್ಲಿ ಒಂದು ಮಾತು ಮುಚ್ಚಿಹೋಯಿತು. ಎಡ ಮೊಣಕಾಲೋ ಬಲವೋ ಗೊತ್ತಾಗಲಿಲ್ಲ. ಮೇಜಿನ ಕೆಳಗಿದ್ದ ಪೆಡಲನ್ನು ಒತ್ತಿ ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಈ ಸಲ ‘ಎಡ’ ಎಂಬುದು ಸ್ವಚ್ಛವಾಗಿ ಕೇಳಿತು. ಆದರೆ ‘ಕುರುಂ’ ಇರಲಿಲ್ಲ. ಇನ್ನೊಮ್ಮೆ ಹಿಂದಕ್ಕೆ ಹೋದೆ. ಆಗಲೂ ಇಲ್ಲ. ಒಮ್ಮೆ ಕೇಳಿದ ಸದ್ದು ಅದೇ ಜಾಗದಲ್ಲಿ ಎರಡನೆಯ ಸಲ ಯಾಕಿಲ್ಲ ಎಂದು ನಿಜಕ್ಕೂ ಯೋಚಿಸುತ್ತ ಕೂತೆ. ಅಷ್ಟರಲ್ಲಿ ಅದು ಮತ್ತೆ ಕೇಳಿಸಿತು, ಡಾಕ್ಟರು ಉಸಿರು ತೆಗೆದುಕೊಳ್ಳಲು ನಿಂತಾಗ. ಹೆಡ್‌ಫೋನು ತೆಗೆದೆ. ಸದ್ದು ನನ್ನ ಕಾಲ ಬುಡದಿಂದ ಬರುತ್ತಿತ್ತು.

ನಾವಾಗ ಹೈದರಾಬಾದಿನ ತಾರ್ನಾಕದಲ್ಲಿದ್ದೆವು. ಊರಿನ ಪಶ್ಚಿಮಕ್ಕೆ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ, ಬೀದಿಯ ಕಂಬಕ್ಕೊಂದು ಕಂಪ್ಯೂಟರ್ ತರಗತಿಯ ಫಲಕ ನೇತಾಡುತ್ತಿದ್ದ ವರ್ಷಗಳು. ನಾನು ಬೇಗಂಪೇಟೆಯ ಒಂದು ಆಫೀಸಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕಲಿತಿದ್ದೆ. ಅಮೆರಿಕದ ಡಾಕ್ಟರುಗಳು ರೋಗಿಯನ್ನು ನೋಡಿ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಕೇಳಿಸಿಕೊಂಡು, ಟೈಪು ಮಾಡಿ, ಇಂಟರ್ನೆಟ್ಟಿನಲ್ಲಿ ವಾಪಸು ಕಳಿಸುವ ಕೆಲಸ. ಕೈ ಕುದುರಿದ ಮೇಲೆ ಮನೆಯಿಂದಲೇ ಮಾಡಲು ಒಪ್ಪಿದರು. ನನ್ನ ಗಂಡನಿಗೆ ವಾಡಿಯಲ್ಲಿ ರೈಲ್ವೆ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ. ಅತ್ತೆ ರಾಯಚೂರು ಕಡೆಯವರು. ಮಾವನ ನೌಕರಿಯ ಬೆನ್ನಿಗೆ ಸಿಕಂದರಾಬಾದಿಗೆ ಬಂದು, ಅವರು ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ಹೊಲಿಗೆ ಮಷೀನು ಇದ್ದ ಮೂಲೆಯಲ್ಲೇ ಕಂಪ್ಯೂಟರು ಬಂದು ಕೂತಾಗ ಅವರು ಕೆಳಗಿನ ಪೆಡಲು ನೋಡಿ, “ಇದೂ ಹೊಲಿಗಿ ಮಷೀನ್ ಇದ್ದಂಗ ಐತಿ ಬಿಡು, ಕಾಲಿಗೂ ಕೆಲಸ, ಕೈಗೂ ಕೆಲಸ” ಅಂದಿದ್ದರು.

ನಮ್ಮಿಬ್ಬರ ಜೊತೆ ಒಂದು ನಾಯಿ. ಪಕ್ಕದ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಏಳುತ್ತಿದ್ದಾಗ ಯಾದಗಿರಿ ಕಡೆಯಿಂದ ಬಂದ ಕೆಲಸಗಾರರು ಸಾಕಿದ್ದ ಕಂದು ಬಣ್ಣದ ಮರಿ. ನೀರು ಕೇಳಲು ಬಂದ ಆ ಹೆಂಗಸರು ಕನ್ನಡದಲ್ಲಿ ಮಾತಾಡಿದ್ದೇ ಅತ್ತೆಗೆ ಸಾಕಾಗಿತ್ತು. ದಿನವೂ ಗೇಟಿನ ಬಳಿ ಅವರೊಡನೆ ಮಾತಿಗೆ ನಿಲ್ಲುತ್ತಿದ್ದರು. ಕಟ್ಟಡ ಮುಗಿದು ಅವರು ಬೇರೆ ಕಡೆ ಹೊರಟಾಗ ನಾಯಿಯನ್ನು ಏನು ಮಾಡುವುದೆಂದು ಕೇಳಿದರು. ಅತ್ತೆ, “ಇರಲಿ ಬಿಡ್ರಿ ಇಲ್ಲೇ” ಎಂದುಬಿಟ್ಟರು. ಅದಕ್ಕೊಂದು ಹೆಸರು ಅಂತ ನಿಲ್ಲಲೇ ಇಲ್ಲ. ಅತ್ತೆ ‘ಮಗನಾ’ ಎಂದು ಕರೆದರೆ ಬರುತ್ತಿತ್ತು, ಪಕ್ಕದ ಮನೆಯವರು ತೆಲುಗಿನಲ್ಲಿ ಕರೆದರೂ ಬರುತ್ತಿತ್ತು. ನಾನು ಕೆಲಸಕ್ಕೆ ಕೂತರೆ ಪೆಡಲಿನ ಪಕ್ಕ ಸುತ್ತಿಕೊಂಡು ಮಲಗುತ್ತಿತ್ತು.

ಆ ದಿನ ಬಗ್ಗಿ ನೋಡಿದರೆ ನಾಯಿ ಮಲಗಿರಲಿಲ್ಲ. ಮುಂಗಾಲುಗಳ ನಡುವೆ ಒಂದು ಬಟ್ಟೆಯ ಚೂರು ಒತ್ತಿ ಹಿಡಿದು ಏನೋ ಕಡಿಯುತ್ತಿತ್ತು. ನೆಲದ ಮೇಲೆ ಬಿಳಿಯ ಪುಡಿ. ಮದುವೆ ಸೀರೆಯ ಟ್ರಂಕು ತೆರೆದಂಥ ವಾಸನೆ.

ಅದು ಅತ್ತೆ ಇಟ್ಟ ಗಂಟು. ನಾನು ಟೈಪು ಮಾಡುತ್ತ ಅವಲಕ್ಕಿ ಚೂಡಾ ತಿನ್ನುತ್ತಿದ್ದೆ. ಅದರ ಚೂರುಗಳಿಗೆ ಕೀಬೋರ್ಡಿನೊಳಗೆ ಕೆಂಪಿರುವೆ ಹತ್ತಿದ್ದವು. ಒಂದೊಂದು ಅಕ್ಷರ ಒತ್ತಿದಾಗಲೂ ಎರಡು ಇರುವೆ ಹೊರಬರುತ್ತಿದ್ದವು. ಅತ್ತೆ ಸೀರೆಗೆ ನುಸಿ ಹಿಡಿಯದಂತೆ ಇಡುವ ಬಿಳಿಯ ಗುಳಿಗೆಗಳನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ, ಕಂಪ್ಯೂಟರಿನ ಹಿಂದೊಂದು ಮುಂದೊಂದು ಇಟ್ಟಿದ್ದರು. ಹಿಂದಿನದು ಕೆಳಗೆ ಬಿದ್ದಿರಬೇಕು.

ನಾಯಿಯ ಬಾಯಿಂದ ಬಟ್ಟೆ ಎಳೆದುಕೊಂಡೆ. ಅದರೊಳಗೆ ಅರ್ಧ ಗುಳಿಗೆ ಉಳಿದಿತ್ತು.

“ಅತ್ತಿ, ನಾಯಿ ನಿಮ್ಮ ಗಂಟು ತಿಂದೈತ್ರಿ.”

ಅಡುಗೆಮನೆಯಲ್ಲಿ ಹೀರೇಕಾಯಿ ಹೆರೆಯುತ್ತಿದ್ದ ಅತ್ತೆ ಒದ್ದೆ ಕೈಯಲ್ಲೇ ಬಂದರು. “ಯಾವ ಗಂಟು?”

“ಇರವಿಗೆ ಅಂತ ಇಟ್ಟಿದ್ರಲ್ರಿ, ಆ ಗುಳಿಗಿ ಗಂಟು.”

ಅವರು ನಾಯಿಯನ್ನು ನೋಡಿದರು. ನಾಯಿ ಬಾಲ ಅಲ್ಲಾಡಿಸಿತು. ಅದಕ್ಕೆ ಏನೂ ಆಗಿರಲಿಲ್ಲ. ತುಟಿ ಮಾತ್ರ ನೆಕ್ಕಿಕೊಳ್ಳುತ್ತಿತ್ತು.

“ಹಾಲು ಕುಡಸೂಣು,” ಎಂದರು ಅತ್ತೆ. “ಒಂದೀಟು ತುಪ್ಪ ಹಾಕಿ. ವಿಷ ಇದ್ರ ಹಾಲು ಹಿಡಕೊಂತೈತಿ.”

ಅವರು ಒಲೆಯ ಕಡೆ ತಿರುಗಿದರು. ನನಗೂ ಅದೇ ಸರಿ ಅನ್ನಿಸಿತು. ನಮ್ಮ ಮನೆಯಲ್ಲೂ ಯಾರು ಏನು ತಿಂದರೂ ಹಾಲೇ ಮದ್ದಾಗಿತ್ತು. ಆದರೂ ಒಂದು ಮಾತು ಕೇಳೋಣ ಎಂದು ಫೋನು ಎತ್ತಿದೆ. ರಿಸೀವರಿನಲ್ಲಿ ಕರ್ಕಶವಾದ ಕಿರುಚು. ಬೆಳಗಿನಿಂದ ಮುಗಿಸಿದ ಫೈಲುಗಳು ಅದೇ ತಂತಿಯಲ್ಲಿ ಆಫೀಸಿಗೆ ಹೋಗುತ್ತಿದ್ದವು, ಇನ್ನೂ ಅರ್ಧ ದಾರಿಯಲ್ಲಿದ್ದವು. ನಿಲ್ಲಿಸಿದರೆ ಮತ್ತೆ ಮೊದಲಿಂದ ಕಳಿಸಬೇಕು. ಒಂದು ಗಳಿಗೆ ಪರದೆಯ ಮೇಲೆ ನೀಲಿ ಪಟ್ಟಿ ಮುಂದಕ್ಕೆ ಹೋಗುವುದನ್ನೇ ನೋಡುತ್ತ ನಿಂತೆ. ಆಮೇಲೆ ಇಂಟರ್ನೆಟ್ ಕಡಿದುಹಾಕಿದೆ.

ನಾಯಿಗೆ ಹುಚ್ಚಿನ ಸೂಜಿ ಹಾಕಿಸಿದ್ದ ದನದ ಡಾಕ್ಟರ ನಂಬರನ್ನು ಅತ್ತೆ ಫೋನಿನ ಮೇಲಿನ ಗೋಡೆಗೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಸೈನ್ಯದಲ್ಲಿ ಕುದುರೆ, ಹೇಸರಗತ್ತೆಗಳನ್ನು ನೋಡಿಕೊಂಡು ನಿವೃತ್ತರಾದವರು. ಸಿಕಂದರಾಬಾದಿನ ಕಂಟೋನ್ಮೆಂಟಿನಲ್ಲಿ ತಮ್ಮ ಮನೆಯ ವರಾಂಡದಲ್ಲೇ ನಾಯಿ ಬೆಕ್ಕು ನೋಡುತ್ತಿದ್ದರು. ಅವರೇ ಫೋನೆತ್ತಿದರು. ಹಿಂದಿಯಲ್ಲಿ ಮಾತಾಡಿದರು.

ನಾನು ಗಾಬರಿಯಲ್ಲಿ ಇರುವೆಯಿಂದ ಶುರುಮಾಡಿದೆ. ಅವರು ಅರ್ಧಕ್ಕೇ ತಡೆದರು. “ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಏನು ತಿಂತು? ಎಷ್ಟು? ಯಾವಾಗ? ನಾಯಿ ಎಷ್ಟು ತೂಕ?”

ಬಟ್ಟೆಗೆ ಇಡುವ ಗುಳಿಗೆ ಎಂದೆ. ಯಾವಾಗ ಎಂಬುದು ನನಗೆ ಖಚಿತವಾಗಿ ಗೊತ್ತಿತ್ತು. ಮೊಣಕಾಲಿನ ಫೈಲು ಶುರುವಾದ ಮೇಲೆ, ಅಂದರೆ ಈಗಷ್ಟೇ. ಎಷ್ಟು ಎಂಬುದಕ್ಕೆ ಅತ್ತೆಯನ್ನು ಕೇಳಿದೆ. ಗಂಟಿಗೆ ಮೂರು ಹಾಕಿದ್ದೆ ಎಂದರು. ಅರ್ಧ ಉಳಿದಿದೆ. ತೂಕಕ್ಕೆ ಅತ್ತೆ ಸ್ವಲ್ಪ ಯೋಚಿಸಿ ಕೂಗಿದರು: “ಇಪ್ಪತ್ತೈದು ಕೆಜಿ ಅಕ್ಕಿ ಚೀಲ ಎತ್ತತೀನಿ, ಇದನ್ನೂ ಎತ್ತತೀನಿ. ಇದು ಅದಕ್ಕಿಂತ ಹಗೂರ ಐತಿ ಅಂತ ಹೇಳು.” ಹೇಳಿದೆ. ಡಾಕ್ಟರು ಅದನ್ನೂ ಒಪ್ಪಿಕೊಂಡರು.

“ಬಾಯಿಗೆ ಏನಾದರೂ ಹಾಕಿದ್ದೀರಾ?”

“ಇಲ್ಲ. ಹಾಲು ಕಾಯಿಸ್ತಿದ್ದಾರೆ.”

“ಹಾಲು ಬೇಡ. ತುಪ್ಪ, ಎಣ್ಣೆ ಯಾವುದೂ ಬೇಡ. ಈ ಗುಳಿಗೆ ಜಿಡ್ಡಿನಲ್ಲಿ ಕರಗುವಂಥದ್ದು. ಹೊಟ್ಟೆಯಲ್ಲಿ ಸುಮ್ಮನೆ ಬಿದ್ದಿರುವುದನ್ನು ನೀವೇ ಕರಗಿಸಿ ರಕ್ತಕ್ಕೆ ಕಳಿಸಿದ ಹಾಗಾಗುತ್ತದೆ. ಉಪ್ಪುನೀರು ಹುಯ್ದು ವಾಂತಿ ಮಾಡಿಸಲೂ ಹೋಗಬೇಡಿ. ಅದರಿಂದ ಸತ್ತ ನಾಯಿಗಳನ್ನು ನೋಡಿದ್ದೇನೆ.”

“ಅತ್ತಿ, ಹಾಲು ಬ್ಯಾಡಂತ್ರಿ.”

ಅತ್ತೆ ಒಲೆ ಆರಿಸಿದ ಸದ್ದು ಕೇಳಿತು. ಅವರ ಮುಖ ಬಾಗಿಲಲ್ಲಿ ಕಾಣಿಸಿತು.

“ಇನ್ನೊಂದು ಪ್ರಶ್ನೆ,” ಎಂದರು ಡಾಕ್ಟರು. “ಬಟ್ಟೆಗೆ ಇಡುವುದರಲ್ಲಿ ಯಾವ ಗುಳಿಗೆ?”

“ಬಿಳಿ ಗುಳಿಗೆ. ಡಾಂಬರ್ ಗುಳಿಗೆ.”

“ಬಿಳಿ ಗುಳಿಗೆಯಲ್ಲಿ ಮೂರು ಜಾತಿ. ಒಂದು ನ್ಯಾಫ್ತಲೀನು. ಅದರ ಹಾಗೇ ಕಾಣುವ ಇನ್ನೊಂದಿದೆ. ಕರ್ಪೂರವನ್ನೂ ಹಾಗೇ ಉಂಡೆ ಮಾಡಿ ಮಾರುತ್ತಾರೆ. ಕರ್ಪೂರವಾದರೆ ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದು, ನಾನು ವಾಂತಿ ಮಾಡಿಸುವುದಿಲ್ಲ. ಯಾವುದು ಅಂತ ಗೊತ್ತಾಗಬೇಕು.”

ಅತ್ತೆಯನ್ನು ಕೇಳಿದೆ. ಅವರು ತಡವರಿಸಿದರು. ಟ್ರಂಕಿನ ಡಬ್ಬಿಯಲ್ಲಿ ಡಾಂಬರ್ ಗುಳಿಗೆ, ಕರ್ಪೂರದ ಉಂಡೆ ಎರಡೂ ಇದ್ದವಂತೆ. ಬೇರೆ ಬೇರೆ ಅಂಗಡಿಯಿಂದ ಬಿಡಿಯಾಗಿ ತಂದದ್ದು, ಒಂದರ ವಾಸನೆ ಇನ್ನೊಂದಕ್ಕೆ ಹತ್ತಿ ಎಲ್ಲ ಒಂದೇ ಆಗಿದ್ದವು. ಇರುವೆಗೆ ಯಾವುದಾದರೇನು ಎಂದು ಕೈಗೆ ಸಿಕ್ಕ ಪೊಟ್ಟಣದಿಂದ ಮೂರೂ ತೆಗೆದು ಕಟ್ಟಿದ್ದರು.

“ಚೂರು ಉಳಿದಿದೆಯಲ್ಲ,” ಎಂದರು ಡಾಕ್ಟರು. “ಎರಡು ಗ್ಲಾಸು ತನ್ನಿ. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ನೀರಿಗೆ ಉಪ್ಪು ಹಾಕಿ ಕಲಸುತ್ತಾ ಹೋಗಿ, ಇನ್ನು ಕರಗುವುದಿಲ್ಲ ಅನ್ನುವವರೆಗೆ. ಮೊದಲು ಬರೀ ನೀರಿಗೆ ಹಾಕಿ. ನಾನು ಫೋನಿನಲ್ಲೇ ಇರುತ್ತೇನೆ.”

ಫೋನಿನ ತಂತಿ ಅಡುಗೆಮನೆಗೆ ಮುಟ್ಟುವುದಿಲ್ಲ. ನಾನು ಹೇಳಿದೆ, ಅತ್ತೆ ಮಾಡಿದರು. ನಾಯಿ ಇಬ್ಬರ ನಡುವೆ ಹೊಸ್ತಿಲಲ್ಲಿ ಕೂತು, ಮಾತು ಬಂದ ಕಡೆಗೆಲ್ಲ ತಲೆ ತಿರುಗಿಸುತ್ತಿತ್ತು.

“ನೀರಾಗ ಹಾಕೀನಿ,” ಅತ್ತೆಯ ದನಿ. “ಮುಳುಗ್ತು.”

“ಮುಳುಗಿತು,” ಎಂದೆ ಫೋನಿಗೆ.

“ಪೂರ್ತಿ ತಳಕ್ಕೆ?”

“ಪೂರ್ತಿ ಮುಳುಗೈತೇನ್ರಿ?”

“ತಳಕ್ಕ ಕುಂತೈತಿ.”

“ಹಾಗಾದರೆ ಕರ್ಪೂರವಲ್ಲ,” ಎಂದರು ಡಾಕ್ಟರು. ಅವರ ದನಿಯಲ್ಲಿ ಸ್ವಲ್ಪ ಸಮಾಧಾನ ಕಂಡಿತು. “ಕರ್ಪೂರ ತೇಲುತ್ತದೆ. ಈಗ ಉಪ್ಪುನೀರು.”

ಉಪ್ಪು ಕರಗುವುದಕ್ಕೆ ಬಹಳ ಹೊತ್ತು ಹಿಡಿಯಿತು, ಅಥವಾ ನನಗೆ ಹಾಗೆ ಅನ್ನಿಸಿತು. ಚಮಚ ಗ್ಲಾಸಿಗೆ ಬಡಿಯುವ ಸದ್ದು ನಿಲ್ಲುತ್ತಲೇ ಇರಲಿಲ್ಲ. “ಇನ್ನೂ ಕರಗಾಕತ್ತೈತಿ,” ಎನ್ನುತ್ತಿದ್ದರು ಅತ್ತೆ. “ಇಷ್ಟು ನೀರು ಇಷ್ಟು ಉಪ್ಪು ತಿಂತೈತಿ ಅಂತ ನನಗ ಗೊತ್ತಿರಲಿಲ್ಲ ನೋಡು.” ಆಮೇಲೆ ಚಮಚದ ಸದ್ದು ನಿಂತಿತು.

“ಏನಾತ್ರಿ ಅತ್ತಿ?”

“ತೇಲಾಕತ್ತೈತಿ.” ಅವರ ದನಿ ಬದಲಾಗಿತ್ತು. “ಅದರಾಗ ಮುಳುಗಿದ್ದು ಇದರಾಗ ತೇಲತೈತಲ್ಲ. ಒತ್ತಿದ್ರೂ ಮ್ಯಾಲೆ ಬರತೈತಿ. ಬಾ ಇಲ್ಲಿ, ನೋಡು ಬಾ.”

ತೇಲಿತು ಎಂದು ಹೇಳಿದೆ. “ನ್ಯಾಫ್ತಲೀನು,” ಎಂದರು ಡಾಕ್ಟರು. “ಇನ್ನೊಂದಾಗಿದ್ದರೆ ಉಪ್ಪುನೀರಿನಲ್ಲೂ ಮುಳುಗುತ್ತಿತ್ತು. ತಕ್ಷಣ ಕರೆದುಕೊಂಡು ಬನ್ನಿ. ಉಳಿದ ಚೂರು, ಬಟ್ಟೆ ಎರಡನ್ನೂ ತನ್ನಿ.” ಫೋನಿಟ್ಟು ಅಡುಗೆಮನೆಗೆ ಹೋಗಿ ಒಂದೇ ಒಂದು ಸಲ ನೋಡಿದೆ. ಮಸುಕು ನೀರಿನ ಮೇಲೆ ಅರ್ಧ ಗುಳಿಗೆ ಸಣ್ಣ ದೋಣಿಯ ಹಾಗೆ ನಿಂತಿತ್ತು. ಅಷ್ಟು ಅವಸರದಲ್ಲೂ ನಾವಿಬ್ಬರೂ ಅದನ್ನು ನೋಡುತ್ತ ನಿಂತದ್ದು ನನಗೆ ಈಗಲೂ ನೆನಪಿದೆ.

ನಮ್ಮ ಕೂಗಾಟ ಕೇಳಿ ಪಕ್ಕದ ಮನೆಯ ತೆಲುಗಿನ ಹೆಂಗಸು ಬಂದರು. ನಾನು ಹಗ್ಗ ಹುಡುಕುತ್ತಿದ್ದಾಗ ಅತ್ತೆ ನಡೆದದ್ದನ್ನು ಹೇಳಿದರು. ಪೂರ್ತಿ ಕೇಳುವ ಮೊದಲೇ ಆಕೆ ಕಟ್ಟೆಯ ಮೇಲಿದ್ದ ಉಪ್ಪುನೀರಿನ ಗ್ಲಾಸು ನೋಡಿ, ಅದು ನಾಯಿಗೆಂದೇ ಕಲಸಿದ್ದು ಅಂದುಕೊಂಡು, ಚೂರನ್ನು ಚಮಚದಲ್ಲಿ ಎತ್ತಿ ಬದಿಗಿಟ್ಟು, ಗ್ಲಾಸು ಹಿಡಿದು ನಾಯಿಯ ಹತ್ತಿರ ಕೂತರು. ಅವರ ಊರಿನಲ್ಲಿ ಹಾಗೇ ಮಾಡುತ್ತಿದ್ದರಂತೆ. ಒಳ್ಳೆಯ ಮನಸ್ಸಿನಿಂದಲೇ ಬಂದವರು. ನಾಯಿಯ ದವಡೆಗೆ ಆಗಲೇ ಕೈ ಹಾಕಿದ್ದರು.

“ವದ್ದಮ್ಮಾ, ವದ್ದು,” ಎನ್ನುತ್ತ ಅತ್ತೆ ಅವರ ಮಣಿಕಟ್ಟು ಹಿಡಿದರು. ಬೇಡ ಅಂದದ್ದಕ್ಕೆ ಆಕೆಗೆ ಸ್ವಲ್ಪ ಬೇಸರವಾಯಿತು. ಮತ್ತೆ ಇಷ್ಟು ಉಪ್ಪು ಯಾಕೆ ಕಲಸಿದಿರಿ ಎಂದು ಕೇಳಿದರು. ಅತ್ತೆ ಚೂರನ್ನು ಮತ್ತೆ ಗ್ಲಾಸಿಗೆ ಹಾಕಿ ತೋರಿಸಿದರು. ನಾನು ಹೊರಗಿನಿಂದ ಕೂಗದಿದ್ದರೆ ಇಬ್ಬರೂ ಇನ್ನೂ ಎಷ್ಟು ಹೊತ್ತು ಅಲ್ಲೇ ನಿಲ್ಲುತ್ತಿದ್ದರೋ.

ನಾಯಿ ಅಂದರೆ ಆಟೋದವರು ನಿಲ್ಲಿಸಲೊಲ್ಲರು. ಕೊನೆಗೊಬ್ಬ ಮುಸ್ಲಿಂ ಮುದುಕ, ಸೀಟಿನ ಮೇಲೆ ಕೂರಿಸಬಾರದು ಎಂಬ ಷರತ್ತಿನ ಮೇಲೆ ಹತ್ತಿಸಿಕೊಂಡ. ನಾಯಿಯನ್ನು ನಮ್ಮ ಕಾಲುಗಳ ನಡುವೆ ನಿಲ್ಲಿಸಿಕೊಂಡು ಹೊರಟೆವು. ಮೆಟ್ಟುಗುಡ ದಾಟುವಷ್ಟರಲ್ಲಿ ಅದು ಜೊಲ್ಲು ಸುರಿಸತೊಡಗಿತು. ಉಸಿರು ಬಿಟ್ಟಾಗೆಲ್ಲ ಟ್ರಂಕಿನ ವಾಸನೆ ಆಟೋ ತುಂಬುತ್ತಿತ್ತು. ಚಾಲಕ ಎರಡು ಸಲ ಮೂಗೆಳೆದು ಕನ್ನಡಿಯಲ್ಲಿ ನೋಡಿದ.

“ಕುತ್ತೇ ಕು ಸೆಂಟ್ ಲಗಾಯೇ ಕ್ಯಾ ಅಮ್ಮಾ?” ಎಂದು ಕೇಳಿದ. ನಾಯಿಗೆ ಸೆಂಟು ಹಚ್ಚಿದ್ದೀರಾ ಅಂತ.

ಅತ್ತೆ ನಡೆದದ್ದು ಹೇಳಿದರು. ಅವನು ಮುಂದೆ ಏನೂ ಕೇಳದೆ ಸ್ಟೇಷನ್ನಿನ ದಟ್ಟಣೆ ಬಿಟ್ಟು ಒಳದಾರಿ ಹಿಡಿದ.

ವರಾಂಡದಲ್ಲಿ ಡಾಕ್ಟರು ಸಿದ್ಧರಾಗಿದ್ದರು. ಎತ್ತರದ ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಅರ್ಧ ಚಡ್ಡಿ. ನಾಯಿಗೆ ಒಂದು ಸೂಜಿ ಚುಚ್ಚಿ ಅಂಗಳಕ್ಕೆ ಕರೆದುಕೊಂಡು ಹೋಗಲು ಹೇಳಿದರು. ನಾಯಿ ಸ್ವಲ್ಪ ಹೊತ್ತು ನಮ್ಮ ಮುಖ ನೋಡಿತು. ಆಮೇಲೆ ಬೆನ್ನು ಬಿಲ್ಲಿನಂತೆ ಬಾಗಿಸಿ ಕಕ್ಕಿತು, ಮತ್ತೆ ಮತ್ತೆ. ಅತ್ತೆ ಅದರ ಹಣೆ ಹಿಡಿದುಕೊಂಡಿದ್ದರು, ಮನೆಯ ಮಕ್ಕಳಿಗೆ ಹಿಡಿಯುವ ಹಾಗೆ. ಡಾಕ್ಟರು ಇಕ್ಕಳದಿಂದ ಅದನ್ನೆಲ್ಲ ಕೆದಕಿ ನೋಡಿದರು. ಬೆಳಗಿನ ರೊಟ್ಟಿ, ಬಟ್ಟೆಯ ಎಳೆಗಳು, ಬಿಳಿಯ ಚೂರುಗಳು. ಚೂರುಗಳನ್ನು ಒಂದು ತಟ್ಟೆಯಲ್ಲಿ ಕೂಡಿಸಿ ನಮ್ಮ ಅರ್ಧ ಗುಳಿಗೆಯ ಪಕ್ಕ ಇಟ್ಟು ಅಂದಾಜು ಮಾಡಿದರು.

“ಬಹಳಷ್ಟು ಬಂದಿದೆ. ಎಲ್ಲಾ ಬಂದಿಲ್ಲ,” ಎಂದರು.

ಆಮೇಲೆ ಒಂದು ಡಬ್ಬಿಯಿಂದ ಕಪ್ಪು ಪುಡಿ ತೆಗೆದು ನೀರಿನಲ್ಲಿ ಕಲಸಿದರು. ಕಾಡಿಗೆಗಿಂತ ಕಪ್ಪು. ಸೂಜಿಯಿಲ್ಲದ ದೊಡ್ಡ ಸಿರಿಂಜಿನಿಂದ ಅದನ್ನು ನಾಯಿಯ ಕೆನ್ನೆಯ ಪಕ್ಕದಿಂದ ನಿಧಾನವಾಗಿ ಕುಡಿಸಿದರು. ಇದೇನು ಅಂತ ಕೇಳಿದೆ. ಇದ್ದಿಲು, ಆಕ್ಟಿವೇಟೆಡ್ ಚಾರ್ಕೋಲ್ ಎಂದರು.

ಆ ಎರಡು ಪದಗಳನ್ನು ನಾನು ಲೆಕ್ಕವಿಲ್ಲದಷ್ಟು ಸಲ ಟೈಪು ಮಾಡಿದ್ದೆ. ನಿದ್ದೆ ಗುಳಿಗೆ ನುಂಗಿದ ಹುಡುಗಿಯರು, ಅಜ್ಜನ ಔಷಧಿ ತಿಂದ ಮಕ್ಕಳು ಬಂದಾಗೆಲ್ಲ ಅಲ್ಲಿಯ ಡಾಕ್ಟರುಗಳು ಅದನ್ನು ಹೇಳುತ್ತಿದ್ದರು. ಕಾಗುಣಿತ ತಪ್ಪಿರಲಿಲ್ಲ. ಆದರೆ ಮನುಷ್ಯರ ಹೊಟ್ಟೆಗೆ ಇದ್ದಿಲು ಯಾಕೆ ಎಂದು ಗೊತ್ತಿರಲಿಲ್ಲ. ಯಾವುದೋ ಯಂತ್ರದ ಹೆಸರಿರಬೇಕು ಎಂದೂ ಒಮ್ಮೆ ಅಂದುಕೊಂಡಿದ್ದೆ. ಈಗ ಅದು ನಮ್ಮ ನಾಯಿಯ ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ಹೊಟ್ಟೆಯಲ್ಲಿ ಉಳಿದ ವಿಷ ಇದಕ್ಕೆ ಅಂಟಿಕೊಂಡು ಹೊರಗೆ ಹೋಗುತ್ತದೆ, ಎಲ್ಲಾ ವಿಷವೂ ಅಲ್ಲ, ಕೆಲವು, ಎಂದು ಡಾಕ್ಟರು ಹೇಳಿದರು. ನಾಯಿ ತಲೆ ಕೊಡವಿತು. ಅತ್ತೆಯ ಸೀರೆ, ಡಾಕ್ಟರ ಚಡ್ಡಿ, ವರಾಂಡದ ಕಂಬ ಎಲ್ಲಕ್ಕೂ ಕರಿ ಚುಕ್ಕೆ ಬಿತ್ತು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆವು. ಮುಗಿದಿರಲಿಲ್ಲ. ಈ ಗುಳಿಗೆ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಅದು ಇವತ್ತೇ ಕಾಣುವುದಿಲ್ಲ, ಕೆಲವು ದಿನ ಬಿಟ್ಟು ಕಾಣಬಹುದು ಎಂದರು. ಎರಡು ಸಂಗತಿ ನೋಡುತ್ತಿರಬೇಕು. ಒಂದು ವಸಡಿನ ಬಣ್ಣ. ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿಕೊಂಡ ಜಾಗಕ್ಕೆ ಕೂಡಲೇ ಕೆಂಪು ಮರಳಬೇಕು. ಇನ್ನೊಂದು ಉಚ್ಚೆಯ ಬಣ್ಣ. ಕಪ್ಪಾದರೆ ಕಾಯಬೇಡಿ, ಕರೆತನ್ನಿ.

ಮನೆಗೆ ಬಂದ ಮೇಲೆ ಅತ್ತೆ ಕನ್ನಡಿಯ ಮುಂದೆ ನಿಂತು ತಮ್ಮ ವಸಡನ್ನೇ ಒತ್ತಿ ನೋಡಿಕೊಂಡರು. ಆಮೇಲೆ ನನ್ನದನ್ನು ನೋಡಿದರು. “ನಿಂದು ಜಲ್ದಿ ಕೆಂಪಾಗತೈತಿ. ನಂದು ತಡಾ. ವಯಸ್ಸಾತು,” ಎಂದರು. ನಾಯಿಯದು ನಮ್ಮಿಬ್ಬರ ನಡುವೆ ಇತ್ತು. ಅದಕ್ಕೂ ಈ ಆಟ ಅಭ್ಯಾಸವಾಗಿ, ಅತ್ತೆ ಹತ್ತಿರ ಬಂದರೆ ತಾನೇ ಮುಸುಡಿ ಎತ್ತುತ್ತಿತ್ತು.

ಉಚ್ಚೆ ನೋಡುವುದು ಅಷ್ಟು ಸುಲಭವಾಗಲಿಲ್ಲ. ಮಣ್ಣಿನಲ್ಲಿ ಹೊಯ್ದರೆ ಬಣ್ಣ ಕಾಣುವುದಿಲ್ಲ, ಗಿಡದ ಬುಡಕ್ಕೆ ಹೊಯ್ದರೆ ಮೊದಲೇ ಕಾಣುವುದಿಲ್ಲ. ಅತ್ತೆ ಒಂದು ಉಪಾಯ ಕಂಡುಕೊಂಡರು. ಪಕ್ಕದ ಹೊಸ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಆಗಷ್ಟೇ ಬಿಳಿ ಸುಣ್ಣ ಬಳಿದಿದ್ದರು. ನಾಯಿಯನ್ನು ಅಲ್ಲಿಗೇ ಕರೆದೊಯ್ದು ನಿಲ್ಲಿಸತೊಡಗಿದರು. ಅದು ಕಾಲೆತ್ತಿದರೆ ಇವರು ಬಗ್ಗಿ ಗೋಡೆ ನೋಡುವುದು. ವಾಚ್‌ಮನ್ ಬಂದು ಜಗಳಕ್ಕೆ ನಿಂತ. ಅತ್ತೆ ಅವನಿಗೆ ಕಾರಣವನ್ನೆಲ್ಲ ವಿವರಿಸಿದರು. ಮುಂದಿನ ಸಲದಿಂದ ಅವನೂ ಬಂದು ಬಗ್ಗಿ ನೋಡತೊಡಗಿದ.

ಮೊದಲೆರಡು ದಿನ ಏನೂ ಇರಲಿಲ್ಲ. ನಾನು ಕೆಲಸಕ್ಕೆ ಕೂತೆ. ತಡವಾದ ಫೈಲುಗಳಿಗೆ ಆಫೀಸಿನಿಂದ ಮಾತು ಕೇಳಬೇಕಾಯಿತು. ನಾಯಿ ಏನೋ ನುಂಗಿತು ಎಂದರೆ ಆ ಕಡೆಯವರು, “ಏನು ನುಂಗಿತು, ಫೈಲನ್ನೇ?” ಎಂದರು. ನಾನೂ ನಕ್ಕೆ.

ಮೂರನೆಯ ದಿನ ಬೆಳಿಗ್ಗೆ ಅತ್ತೆ ಗೋಡೆಯ ಬಳಿಯಿಂದ ಕೂಗಿದರು. ಹೋಗಿ ನೋಡಿದೆ. ಸುಣ್ಣದ ಮೇಲೆ ಹಾಲಿಲ್ಲದ ಚಹಾದ ಬಣ್ಣದ ಗೆರೆ ಇಳಿದಿತ್ತು. ವಾಚ್‌ಮನ್ ಕೈಕಟ್ಟಿ ನಿಂತಿದ್ದ. ನಾಯಿ ಎಂದಿನಂತೆ ಓಡದೆ ಅತ್ತೆಯ ಕಾಲಿಗೆ ಒರಗಿಕೊಂಡಿತ್ತು. ತುಟಿ ಎತ್ತಿ ಒತ್ತಿದೆ. ವಸಡು ಮೊದಲೇ ಬಿಳಿಚಿತ್ತು. ಕೆಂಪು ಬರಲಿ ಎಂದು ಕಾದೆವು. ಬಂತು, ಆದರೆ ಯಾರೋ ಕರೆದ ಮೇಲೆ ಎದ್ದು ಬಂದ ಹಾಗೆ ಬಂತು.

ಡಾಕ್ಟರು ಆ ದಿನ ನಾಯಿಯನ್ನು ಅಲ್ಲೇ ಇರಿಸಿಕೊಂಡರು. ರಕ್ತ ತೆಗೆದರು, ಮುಂಗಾಲಿಗೆ ಸಲೈನು ಹಾಕಿದರು. ಕೆಂಪು ಕಣಗಳು ಒಡೆದಿವೆ, ಆದರೆ ತಾನು ಹೆದರಿದಷ್ಟಲ್ಲ, ವಾಂತಿ ಬೇಗ ಆದದ್ದರಿಂದ ಉಳಿದಿದೆ. ಮೂತ್ರಪಿಂಡ ಕೆಡದಂತೆ ನೀರು ಓಡಿಸುತ್ತಿರಬೇಕು ಎಂದರು. ಬದುಕುತ್ತದಾ ಎಂದು ಕೇಳಿದೆ. ಸಂಜೆ ಹೇಳುತ್ತೇನೆ ಎಂದರು. ನಾವಿಬ್ಬರೂ ವರಾಂಡದ ನೆಲದ ಮೇಲೆ ಕೂತೆವು. ಅತ್ತೆ ಅಳಲಿಲ್ಲ. ಸಲೈನು ಬಾಟಲಿಯಲ್ಲಿ ಹನಿ ಬೀಳುವುದನ್ನೇ ನೋಡುತ್ತಿದ್ದರು.

ಮಧ್ಯಾಹ್ನ ಅವರು ಡಾಕ್ಟರನ್ನು ತಮ್ಮ ದಖನಿ ಉರ್ದುವಿನಲ್ಲಿ ಒಂದು ಪ್ರಶ್ನೆ ಕೇಳಿದರು. ಇದು ಇಷ್ಟು ನಾರುವ ವಸ್ತು. ಇರುವೆಯೂ ದೂರ ಹೋಗುತ್ತದೆ. ನಾಯಿಯ ಮೂಗು ನಮಗಿಂತ ಚುರುಕು ಅನ್ನುತ್ತೀರಿ. ಹಾಗಿದ್ದರೆ ಇದನ್ನು ಯಾಕೆ ತಿಂದಿತು?

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ನಲವತ್ತು ವರ್ಷದಿಂದ ನಾನೂ ಅದನ್ನೇ ಕೇಳುತ್ತಿದ್ದೇನೆ ಅಮ್ಮಾ. ಹೇಸರಗತ್ತೆ ಚರ್ಮದ ಪಟ್ಟಿ ತಿಂದದ್ದು ನೋಡಿದ್ದೇನೆ. ಗೊತ್ತಿಲ್ಲ.”

ಅತ್ತೆ ಅದನ್ನು ಅಲ್ಲಿಗೇ ಬಿಡಲಿಲ್ಲ. ತಟ್ಟೆಯಲ್ಲಿ ಒಣಗಿ ಬಿದ್ದಿದ್ದ ಬಟ್ಟೆಯ ಚೂರನ್ನು ಕೇಳಿ ತೆಗೆದುಕೊಂಡರು. ಬೆರಳುಗಳಲ್ಲಿ ಉಜ್ಜಿದರು, ಬೆಳಕಿಗೆ ಹಿಡಿದರು. ಮೂಸಿದರೆ ಗುಳಿಗೆಯ ವಾಸನೆಯೇ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು:

“ಇದು ತುಪ್ಪ ಸೋಸೋ ಅರಿವಿ. ಭಾಳ ಹಳೇದಾಗಿತ್ತು, ಹರದು ಗಂಟು ಕಟ್ಟೀನಿ. ಎಷ್ಟ ತೊಳದ್ರೂ ಹೋಗೂದಿಲ್ಲ ತುಪ್ಪ. ಅದು ಗುಳಿಗಿ ತಿನ್ನಾಕ ಹೋಗಿಲ್ಲ. ಅರಿವಿ ಚೀಪಾಕ ಹೋಗೈತಿ.”

ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದೆ. ಅವರೂ ಬಟ್ಟೆ ಮೂಸಿ ನೋಡಿದರು. ಇರಬಹುದು, ಇರಬಹುದು ಎಂದು ತಲೆಯಾಡಿಸಿದರು. ನಮಗೆ ಬರೀ ಗುಳಿಗೆಯ ವಾಸನೆ ಹೊಡೆಯುವ ಬಟ್ಟೆಯಲ್ಲಿ ಅದರ ಮೂಗಿಗೆ ಕೆಳಗಿನ ತುಪ್ಪ ಸಿಕ್ಕಿರಬೇಕು ಎಂದರು. ನಾಯಿ ಮಲಗಿದಲ್ಲೇ ಕಣ್ಣು ತೆರೆದು ಮೂವರನ್ನೂ ನೋಡಿತು.

ಸಂಜೆ ಅದು ಎದ್ದು ನಿಂತು, ಡಾಕ್ಟರ ಗುಲಾಬಿ ಕುಂಡಕ್ಕೆ ಕಾಲೆತ್ತಿತು. ಡಾಕ್ಟರು ಬಿಳಿಯ ತಟ್ಟೆಯೊಂದನ್ನು ಮುಂದೆ ಹಿಡಿದರು. ಚಹಾದ ಬಣ್ಣ ತೆಳ್ಳಗಾಗಿತ್ತು. “ಬದುಕುತ್ತದೆ ಅಂದುಕೊಂಡಿದ್ದೇನೆ,” ಎಂದರು. ಅತ್ತೆ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು ಇನ್ನೊಮ್ಮೆ ನೋಡಿ, ತಾವೇ ನಲ್ಲಿಯಲ್ಲಿ ತೊಳೆದು ಕೊಟ್ಟರು.

ಮುಂದಿನ ಕೆಲವು ದಿನ ಸಲೈನಿಗೆ ಹೋಗಿಬಂದೆವು. ಗೋಡೆಯ ಮೇಲಿನ ಗೆರೆ ದಿನದಿಂದ ದಿನಕ್ಕೆ ತಿಳಿಯಾಯಿತು. ಶನಿವಾರ ವಾಡಿಯಿಂದ ಬಂದ ನನ್ನ ಗಂಡನನ್ನು ಅತ್ತೆ ಚೀಲ ಇಳಿಸಲೂ ಬಿಡದೆ ವಸಡು ಒತ್ತಿ ನೋಡಲು ಕಳಿಸಿದರು. ಅವರು ನಾಯಿಯ ತುಟಿ ಎತ್ತಿ, “ಕೆಂಪ್ ಐತಿ. ಯಾಕ, ಏನಾಗಿತ್ತು?” ಎಂದರು. ಆ ರಾತ್ರಿಯ ಊಟ ಪೂರ್ತಿ ಆ ಕತೆಗೇ ಹೋಯಿತು. ಟ್ರಂಕಿನ ಡಬ್ಬಿ ಮನೆಯಿಂದಾಚೆ ಹೋಯಿತು. ಇರುವೆಗಳು ಹೋಗಲಿಲ್ಲ, ನಾನು ಚೂಡಾ ತಿನ್ನುವುದನ್ನು ಬಿಟ್ಟ ಮೇಲೆ ಹೋದವು.

ಈ ಸಂಗತಿ ವಾಚ್‌ಮನ್ನನಿಂದ ಅಪಾರ್ಟ್‌ಮೆಂಟಿಗೆ ಹಬ್ಬಿತು. ಅಲ್ಲಿ ಒಬ್ಬೊಬ್ಬರಾಗಿ ಸಾಫ್ಟ್‌ವೇರಿನವರು ಬಂದು ಸೇರುತ್ತಿದ್ದರು, ಸಣ್ಣ ಸಣ್ಣ ಬಿಳಿ ನಾಯಿಗಳನ್ನು ತರುತ್ತಿದ್ದರು. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಆ ಕಡೆಯ ಹೆಣ್ಣುಮಗಳೊಬ್ಬಳು ತೋಳಿನಲ್ಲಿ ಪೊಮೇರಿಯನ್ ಹಿಡಿದು ನಮ್ಮ ಗೇಟಿಗೆ ಬಂದಳು. ಗಂಡನ ಆಫೀಸಿನ ಕಾರ್ಡನ್ನು ಅದು ಕಡಿದು ತಿಂದಿತ್ತು. ಆ ಕಾರ್ಡಿಲ್ಲದೆ ಅವನಿಗೆ ಆಫೀಸಿನ ಬಾಗಿಲು ತೆರೆಯುವುದಿಲ್ಲವಂತೆ, ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದಾನಂತೆ. ಏನು ಕುಡಿಸಲಿ ಆಂಟಿ ಎಂದು ಹಿಂದಿಯಲ್ಲಿ ಕೇಳಿದಳು.

ಅತ್ತೆ ಏನೂ ಕುಡಿಸಬೇಡ ಎಂದರು. ಎಷ್ಟು ತಿಂದಿತು, ಯಾವಾಗ, ಉಳಿದ ಚೂರು ಎಲ್ಲಿ ಎಂದು ಕೇಳಿದರು. ಪ್ಲಾಸ್ಟಿಕ್ ತಿಂದರೆ ಏನಾಗುತ್ತದೆ ಎಂದು ಅವಳು ಕೇಳಿದ್ದಕ್ಕೆ, “ಅದು ನನಗೆ ಗೊತ್ತಿಲ್ಲ, ಡಾಕ್ಟರಿಗೆ ಗೊತ್ತು” ಎಂದು ನಂಬರು ಹೇಳಿ, ಚೂರುಗಳನ್ನು ಕೂಡಿಸಿ ತೆಗೆದುಕೊಂಡು ಹೋಗಲು ಹೇಳಿದರು. ಅವಳು ಹೋದ ಮೇಲೆ ಆ ದಿನ ಪೂರ್ತಿ ಅತ್ತೆಗೆ ಸಮಾಧಾನವಿರಲಿಲ್ಲ. ನಾಲ್ಕಾರು ಸಲ ಗೇಟಿಗೆ ಹೋಗಿ ನೋಡಿ ಬಂದರು. ಸಂಜೆ ಅವಳು ಮರಳಿ ಬಂದು, ಹೆಚ್ಚಿನದು ಅಗಿದು ಉಗುಳಿದ್ದೇ ಅಂತೆ, ಎರಡು ಚೂರು ಮಾತ್ರ ಒಳಗೆ ಹೋಗಿವೆ, ತಾವೇ ಹೊರಗೆ ಬರುತ್ತವೆ, ಎರಡು ದಿನ ನೋಡುತ್ತಿರಿ ಎಂದು ಡಾಕ್ಟರು ಹೇಳಿದ್ದಾರೆ ಎಂದಳು.

ಮಾರನೆಯ ದಿನ ಅವಳು ಹಾಲಿನ ಪ್ಯಾಕೆಟ್ಟು ಹಿಡಿದು ಹೋಗುತ್ತಿದ್ದಾಗ ಅತ್ತೆ ತಡೆದು ನಿಲ್ಲಿಸಿದರು. ಒಂದು ಬಂದಿದೆ ಎಂದಳು ಅವಳು, ಕಂಪನಿಯ ಹೆಸರಿದ್ದ ಚೂರು. ಗಂಡನ ಫೋಟೋ ಇದ್ದದ್ದು ಇನ್ನೂ ಬಂದಿಲ್ಲ.

“ಬರತೈತಿ,” ಎಂದು ಅತ್ತೆ ಕನ್ನಡದಲ್ಲೇ ಹೇಳಿದರು, “ನೋಡ್ಕೊಂತ ಇರು.” ಅವಳಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿ ಹೋದಳು.